ದಣಪೆ ಹತ್ತಿರ ಪಾರ್ಸೆಲ್ ಪೆಟ್ಟಿಗೆ: ಸ್ಮಾರ್ಟ್ ಎಷ್ಟು ಬೇಕು?

ಅಕ್ಕಾ, ನಿಮ್ಮ ಪ್ರಶ್ನೆಗೆ ಎರಡು ಸಾಲಲ್ಲಿ ಉತ್ತರ ಕೊಟ್ಟರೆ ಮತ್ತೆ ಹತ್ತು ಪ್ರಶ್ನೆ ಹುಟ್ಟುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಈಗಷ್ಟೇ ಓದುತ್ತಿರುವವರಿಗೆ ವಿಷಯ ಇಷ್ಟು: ಅಕ್ಕನ ಮನೆ ಶಿರಸಿಯಿಂದ ಒಳಗೆ, ಹಳ್ಳಿಯಲ್ಲಿ. ರಸ್ತೆ ಬದಿಯ ದಣಪೆಯಿಂದ (ಅಂದರೆ ಬೇಲಿಯ ಗೇಟಿನಿಂದ) ಮನೆಗೆ ತೋಟದ ನಡುವೆ ಸುಮಾರು 300 ಮೀಟರ್. ಆರ್ಕಿಡ್, ಆಂಥೂರಿಯಂ ಸಸಿ, ಬೀಜ, ಗೊಬ್ಬರದ ಪುಡಿ ಎಲ್ಲ ಆನ್‌ಲೈನಲ್ಲಿ ತರಿಸುತ್ತಾರೆ. ಡೆಲಿವರಿ ಹುಡುಗ ಪಾರ್ಸೆಲ್ಲನ್ನು ದಣಪೆ ಕಂಬದ ಬುಡದಲ್ಲಿ ಇಟ್ಟು, ಫೋಟೋ ಹೊಡೆದು ಹೋಗುತ್ತಾನೆ. ಒಂದನ್ನು ಮಂಗ ಹರಿದು ಹಾಕಿತು, ಇನ್ನೊಂದು ಮಳೆಗೆ ನೆನೆದು ಮುದ್ದೆಯಾಯಿತು. ಈಗ ಮೊಬೈಲಿನಿಂದ ತೆಗೆಯುವ ಸ್ಮಾರ್ಟ್ ಪಾರ್ಸೆಲ್ ಬಾಕ್ಸ್ ಒಂದನ್ನು ನೋಡಿದ್ದಾರೆ. ತಗೊಳ್ಳಲಾ ಅಂತ ಪ್ರಶ್ನೆ.

ಅದು ಬೇಡ ಅಕ್ಕಾ. ಪೆಟ್ಟಿಗೆಯನ್ನು ಶಿರಸಿ ಪೇಟೆಯ ಯಾವುದಾದರೂ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ. ಬೀಗ ಒಂದನ್ನು ಮಾತ್ರ ಸ್ಮಾರ್ಟ್ ತಗೊಳ್ಳಿ, ಅದೂ ಇಂಟರ್ನೆಟ್ ಬೇಡದ್ದು.

ಯಾಕೆ ಅಂದರೆ, ಆ ಬಾಕ್ಸುಗಳು ಹುಟ್ಟಿದ್ದು ಅಮೆರಿಕದಂಥ ಕಡೆ. ಅಲ್ಲಿ ಮನೆ ರಸ್ತೆಗೇ ಅಂಟಿಕೊಂಡಿರುತ್ತದೆ, ಬಾಗಿಲ ಮುಂದೆ ಇಟ್ಟ ಪಾರ್ಸೆಲ್ಲನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ. ಮನೆಯ ವೈಫೈ ಬಾಕ್ಸಿನ ತನಕ ಸಲೀಸಾಗಿ ಸಿಗುತ್ತದೆ. ನಮ್ಮ ಕಡೆ ಕಳ್ಳ ಬರುವುದು ಮಳೆ, ಮಂಗ, ನಾಯಿ ಇವೆಲ್ಲ ಬಂದು ಹೋದ ಮೇಲೆ. ಕಳ್ಳನಿಗೆ ಅಂತ ಮಾಡಿದ ಪೆಟ್ಟಿಗೆ ಜೂನ್ ತಿಂಗಳ ಎರಚಲು ತಡೆಯುತ್ತದೆ ಅಂತ ಏನೂ ಇಲ್ಲ.

ಮೊದಲು ಪೆಟ್ಟಿಗೆಯ ವಿಷಯ. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಮೇಲಿನ ಬಾಗಿಲು ಎಳೆದರೆ ಒಂದು ತಟ್ಟೆ ಹೊರಗೆ ಬರುತ್ತದೆ. ಅದರ ಮೇಲೆ ಪಾರ್ಸೆಲ್ ಇಟ್ಟು ಬಾಗಿಲು ಮುಚ್ಚಿದರೆ ತಟ್ಟೆ ವಾಲಿ ಪಾರ್ಸೆಲ್ ಕೆಳಗಿನ ಖಾನೆಗೆ ಬೀಳುತ್ತದೆ. ಬಾಗಿಲು ತೆರೆದಾಗ ಅದೇ ತಟ್ಟೆ ಕೆಳಗಿನ ಖಾನೆಯ ಬಾಯಿ ಮುಚ್ಚಿಕೊಳ್ಳುವುದರಿಂದ ಕೈ ಹಾಕಿ ತೆಗೆಯಲು ಆಗುವುದಿಲ್ಲ. ಕೋಡ್ ಬೇಡ, ಬ್ಯಾಟರಿ ಬೇಡ, ಹುಡುಗನಿಗೆ ಏನೂ ಕಲಿಸಬೇಕಿಲ್ಲ. ಪುಸ್ತಕ, ಬಟ್ಟೆ, ಪಂಪಿನ ಬಿಡಿಭಾಗ ತರಿಸುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ತೊಂದರೆ ಎಂದರೆ ತಟ್ಟೆ ತಿರುಗಲು ಜಾಗ ಬೇಕು. ಹಾಗಾಗಿ ದೊಡ್ಡ ಪೆಟ್ಟಿಗೆಯಾದರೂ ಒಳಗೆ ಹೋಗುವ ಪಾರ್ಸೆಲ್ ಚಿಕ್ಕದೇ.

ನಿಮ್ಮದು ಸಸಿ. ಎರಡು ಅಡಿ ಮೇಲಿಂದ ಧಪ್ಪನೆ ಬಿದ್ದರೆ ಆರ್ಕಿಡ್ ಗತಿ ಏನು? ಒಳಗಿನ ಕೋಕೋಪೀಟ್ ಎಲ್ಲ ಚೆಲ್ಲಿ, ಹೊಸ ಚಿಗುರು ಮುರಿದು ಕೂತಿರುತ್ತದೆ. ಹಾಗಾಗಿ ನಿಮಗೆ ಎರಡನೆಯ ಜಾತಿಯೇ ಸರಿ: ಮುಂದೆ ಒಂದೇ ಬಾಗಿಲು, ಒಳಗೆ ಒಂದು ಹಲಗೆ, ಕೋಡ್ ಒತ್ತಿ ತೆರೆಯುವುದು. ಇದರ ಕೊರತೆಯೂ ಗೊತ್ತಿರಲಿ. ಎರಡನೆಯ ಪಾರ್ಸೆಲ್ ತಂದವನಿಗೆ ಮೊದಲಿನದೂ ಕಾಣುತ್ತದೆ. ನಮ್ಮ ಊರಲ್ಲಿ ಇದು ದೊಡ್ಡ ಭಯ ಅಂತ ನನಗೆ ಅನಿಸುವುದಿಲ್ಲ. ಬರುವ ಹುಡುಗರು ಮೂರ್ನಾಲ್ಕು ಜನ, ಮುಖ ಪರಿಚಯ ಇರುವವರೇ.

ಅಳತೆ: ಒಳಗೆ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ, ಎರಡೂವರೆ ಅಡಿ ಎತ್ತರ ಇದ್ದರೆ ನೀವು ತರಿಸುವುದೆಲ್ಲ ಹಿಡಿಯುತ್ತದೆ. ಸಸಿಯ ಡಬ್ಬ ಉದ್ದಕ್ಕೆ ಇರುತ್ತದೆ. ಅದನ್ನು ಮಲಗಿಸಬಾರದು, ನಿಲ್ಲಿಸಬೇಕು. ಆದ್ದರಿಂದ ಎತ್ತರದಲ್ಲಿ ಕಂಜೂಸಿ ಬೇಡ, ಹಲಗೆಯನ್ನೂ ತೆಗೆದು ಹಾಕುವ ಹಾಗೆ ಮಾಡಿಸಿ. ತಗಡು 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣ). ತೆಳು ತಗಡಾದರೆ ಬಾಗಿಲು ಸೊಟ್ಟಗಾಗಿ ಬೀಗ ಕೂರುವುದಿಲ್ಲ. ಜಿಐ ತಗಡನ್ನು ವೆಲ್ಡ್ ಮಾಡಿದ ಕಡೆ ಸತುವಿನ ಲೇಪ ಸುಟ್ಟು ಹೋಗುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಆ ಜೋಡಣೆಗೆಲ್ಲ ಜಿಂಕ್ ಪ್ರೈಮರ್ ಹೊಡೆಸಿ, ಆಮೇಲೆ ಬಣ್ಣ. ಇದನ್ನು ನಿಂತು ಮಾಡಿಸಿ. ಇಲ್ಲದಿದ್ದರೆ ಸೀದಾ ಬಣ್ಣ ಬಳಿದು ಕೊಡುತ್ತಾರೆ.

ಕಾರವಾರದ ತಮ್ಮ ಮೇಲೆ ಬರೆದಿದ್ದಾನೆ, ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದರೆ ಜನ್ಮದಲ್ಲಿ ತುಕ್ಕು ಹಿಡಿಯುವುದಿಲ್ಲ ಅಂತ. ಶಿರಸಿಯಲ್ಲಿ ಸರಿ. ಆದರೆ ತಮ್ಮಾ, ನಿಮ್ಮಲ್ಲಿ ಸಮುದ್ರದ ಉಪ್ಪುಗಾಳಿ. ಮಾಮೂಲಿ ಅಂಗಡಿಯಲ್ಲಿ ಸಿಗುವುದು 304 ದರ್ಜೆ, ಅದರ ಮೇಲೂ ಉಪ್ಪಿಗೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಬರುತ್ತದೆ. ಕಡಲ ಬದಿಗೆ 316 ದರ್ಜೆ ಬೇಕು. ಅದರಲ್ಲಿ ಶೇ. 2ರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪು ತಡೆಯುವುದು ಅದೇ. ರೇಟು ಜಾಸ್ತಿ. 304ರಲ್ಲೇ ಮಾಡಿಸಿದ್ದರೆ ವಾರಕ್ಕೊಮ್ಮೆ ಬಾವಿ ನೀರಲ್ಲಿ ಒರೆಸಿದರೆ ಸಾಕು. ತಿರುಗಣಿ, ಸ್ಕ್ರೂ ಕೂಡ ಸ್ಟೀಲೇ ಆಗಿರಲಿ. ಸ್ಟೀಲ್ ಪೆಟ್ಟಿಗೆಗೆ ಕಬ್ಬಿಣದ ಸ್ಕ್ರೂ ಹಾಕಿದರೆ ಮೊದಲು ಸಾಯುವುದು ಆ ಸ್ಕ್ರೂ.

ಈಗ ಮಳೆ. ನಮ್ಮ ಮಳೆ ಮೇಲಿಂದ ಮಾತ್ರ ಬೀಳುವುದಿಲ್ಲ, ಅಡ್ಡಡ್ಡ ಬರುತ್ತದೆ, ನೆಲದಿಂದಲೂ ಸಿಡಿಯುತ್ತದೆ. ಪೆಟ್ಟಿಗೆಯ ಮಾಡು (ಚಾವಣಿ) ಹಿಂದಕ್ಕೆ ಇಳಿಜಾರಾಗಿರಲಿ, ಮುಂದೆ ಕನಿಷ್ಠ ನಾಲ್ಕು ಇಂಚು ಚಾಚಿರಲಿ. ಬಾಗಿಲು ಚೌಕಟ್ಟಿನ ಒಳಗೆ ಕೂರುವುದು ಬೇಡ, ಹೊರಗಿನಿಂದ ಮುಚ್ಚಿಕೊಳ್ಳುವ ಹಾಗಿರಲಿ. ಸುತ್ತ ರಬ್ಬರ್ ಪಟ್ಟಿ. ತಳದಲ್ಲಿ ನಾಲ್ಕು ಮೂಲೆಗೂ ಪೆನ್ಸಿಲ್ ದಪ್ಪದ ತೂತು, ಅದರ ಮೇಲೆ ಎರಡು ಇಂಚು ಎತ್ತರಕ್ಕೆ ಜಾಲರಿ ತಟ್ಟೆ. ನೀರು ಒಳಗೆ ಬಂದರೂ ಪಾರ್ಸೆಲ್ಲಿಗೆ ತಾಗದೆ ಇಳಿದು ಹೋಗುತ್ತದೆ. ಮಾಡಿನ ಚಾಚಿನ ಅಡಿಯಲ್ಲಿ ಎರಡು ಕಡೆ ಗಾಳಿಗೆ ಕಿಂಡಿ ಬಿಡಿಸಿ. ಪೂರ್ತಿ ಬಿಗಿ ಮಾಡಿದರೆ ಆಷಾಢದಲ್ಲಿ ಒಳಗೆ ಬೆವರಿ, ಡಬ್ಬಕ್ಕೆ ಬೂಷ್ಟು ಹಿಡಿಯುತ್ತದೆ. ತೂತು, ಕಿಂಡಿ ಎಲ್ಲಕ್ಕೂ ಸೊಳ್ಳೆ ಜಾಲರಿ ಕಡ್ಡಾಯ. ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ. ಬಾಗಿಲು ತೆಗೆದ ಹುಡುಗನಿಗೆ ಒಮ್ಮೆ ಕಚ್ಚಿದರೆ ಮುಗಿಯಿತು, ಮತ್ತೆ ಪಾರ್ಸೆಲ್ ಕಂಬದ ಬುಡಕ್ಕೇ.

ದಣಪೆ ಪಕ್ಕ ಚಿರೇಕಲ್ಲಿನ ಗಿಡ್ಡ ಕಂಬ ಕಟ್ಟಿಸಿ, ಅದರ ಮೇಲೆ ಒಳಗಿನಿಂದ ಬೋಲ್ಟ್ ಹಾಕಿ ಕೂರಿಸಿ. ನೆಲದಿಂದ ಎರಡೂವರೆ ಅಡಿ ಇದ್ದರೆ ಸಿಡಿಯುವ ಕೆಸರೂ ಇಲ್ಲ, ನಾಯಿಯೂ ಇಲ್ಲ, ಹುಡುಗ ಬಗ್ಗಬೇಕಾಗಿಯೂ ಇಲ್ಲ. ಮಂಗಕ್ಕೆ ಬಾಗಿಲಲ್ಲಿ ಹಿಡಿ ಇರಬಾರದು. ಹಿಡಿ ಕಂಡರೆ ಅದು ಎಳೆದೇ ಎಳೆಯುತ್ತದೆ. ಬೆರಳು ತೂರುವಷ್ಟು ತಗ್ಗು ಸಾಕು.

ಬೀಗಕ್ಕೆ ಬರೋಣ. ನೀವು ನೋಡಿದ್ದು ವೈಫೈ ಬೀಗ. 300 ಮೀಟರ್ ದೂರಕ್ಕೆ, ಅದೂ ಅಡಿಕೆ ಮರಗಳ ನಡುವೆ, ಒದ್ದೆ ಎಲೆಗಳ ಮಧ್ಯೆ, ಮನೆಯ ರೂಟರ್ ಸಿಗ್ನಲ್ ಮುಟ್ಟುವುದಿಲ್ಲ. ಸಿಮ್ ಹಾಕುವ ಬೀಗವೂ ಇದೆ. ನಿಮ್ಮ ದಣಪೆಯಲ್ಲಿ ಫೋನಿಗೇ ಒಂದು ಕಡ್ಡಿ ಸಿಗ್ನಲ್ ಅಂದಿರಿ, ಹಾಗಾಗಿ ಅದೂ ಸುಮ್ನೆ. ಇನ್ನೊಂದು ಎಚ್ಚರ: ಅಗ್ಗದ ಸಿಮ್ ಮಾಡ್ಯೂಲುಗಳು ಹೆಚ್ಚಿನವು 2ಜಿ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಅದರ ಸಿಮ್ ಹಾಕಿದರೆ ಏನೂ ನಡೆಯುವುದಿಲ್ಲ.

ನಿಮಗೆ ಬೇಕಾದದ್ದು ಕೀಪ್ಯಾಡ್ ಇರುವ, ನೆಟ್ ಇಲ್ಲದೆಯೂ ತಾತ್ಕಾಲಿಕ ಕೋಡ್ ಒಪ್ಪುವ ಬೀಗ. ಅದು ಕೆಲಸ ಮಾಡುವ ಬಗೆ ಚಂದ ಇದೆ. ಮೊದಲ ಸಲ ಬೀಗದ ಹತ್ತಿರ ನಿಂತು ಬ್ಲೂಟೂತಿನಲ್ಲಿ ಫೋನಿಗೆ ಜೋಡಿಸಿದಾಗ ಎರಡೂ ಕಡೆ ಒಂದು ಗುಟ್ಟಿನ ಸಂಖ್ಯೆ ಕೂರುತ್ತದೆ. ಆಮೇಲೆ ಆ ಗುಟ್ಟು ಮತ್ತು ಗಡಿಯಾರದ ಹೊತ್ತು ಸೇರಿಸಿ ಲೆಕ್ಕ ಹಾಕಿ ಕೋಡ್ ಹುಟ್ಟುತ್ತದೆ. ಬೀಗವೂ ತನ್ನಷ್ಟಕ್ಕೆ ಅದೇ ಲೆಕ್ಕ ಹಾಕುತ್ತದೆ, ಎರಡೂ ತಾಳೆಯಾದರೆ ತೆರೆಯುತ್ತದೆ. ನಡುವೆ ನೆಟ್‌ವರ್ಕ್ ಬೇಕಿಲ್ಲ. ಲಾಗಿನ್ನಿಗೆ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪುಗಳಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿ ಇದೆಯಲ್ಲ, ಅದರ ಹಿಂದಿನ ತತ್ವವೂ ಇದೇ. ಬೀಗದ ಗಡಿಯಾರ ಹಿಂದೆ ಮುಂದೆ ಆದರೆ ಕೋಡ್ ತಪ್ಪುತ್ತದೆ. ಬ್ಯಾಟರಿ ಬದಲಿಸಿದಾಗೆಲ್ಲ ಫೋನ್ ಹಿಡಿದುಕೊಂಡು ಹೋಗಿ ಹೊತ್ತು ಸರಿ ಮಾಡಿ ಬನ್ನಿ. ಹುಡುಗ ಫೋನ್ ಮಾಡಿದಾಗ ಮನೆಯಲ್ಲೇ ಕೂತು ಆ ಹೊತ್ತಿನ ಕೋಡ್ ಹೇಳಿದರೆ ಸಾಕು. ಒಂದೇ ಕೋಡನ್ನು ವರ್ಷಗಟ್ಟಲೆ ಇಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ.

ಖರೀದಿಸುವಾಗ ಐಪಿ ಸಂಖ್ಯೆ ನೋಡಿ. ಮೊದಲ ಅಂಕಿ ಧೂಳಿನದ್ದು, ಎರಡನೆಯದು ನೀರಿನದ್ದು. ಐಪಿ 65 ಎಂದರೆ ಧೂಳು ಹೋಗುವುದಿಲ್ಲ, ಪೈಪಿನಿಂದ ಚಿಮ್ಮುವ ನೀರನ್ನೂ ತಡೆಯುತ್ತದೆ. ಐಪಿ 44 ಬರೀ ಸಿಡಿಯುವ ಹನಿಗೆ, ನಮಗೆ ಸಾಲದು. "ವಾಟರ್ ರೆಸಿಸ್ಟೆಂಟ್" ಅಂತ ಮಾತ್ರ ಬರೆದು ಸಂಖ್ಯೆ ಕೊಡದಿದ್ದರೆ ಬಿಟ್ಟುಬಿಡಿ.

ಹೆಚ್ಚಿನ ಬೀಗಗಳಿಗೆ ನಾಲ್ಕು ಪೆನ್ಸಿಲ್ ಸೆಲ್. ಆಲ್ಕಲೈನ್ ಸೆಲ್ಲೇ ಹಾಕಿ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟ್ ಇರುತ್ತದೆ, ಆಲ್ಕಲೈನ್ 1.5. ನಾಲ್ಕು ಸೇರಿದಾಗ 4.8ಕ್ಕೂ 6ಕ್ಕೂ ಆಗುವ ವ್ಯತ್ಯಾಸಕ್ಕೇ ಬೀಗ ಬ್ಯಾಟರಿ ಮುಗಿಯಿತು ಅಂತ ಕೂಗುತ್ತದೆ. ಮಳೆಗಾಲ ಶುರುವಾಗುವ ಮೊದಲು ಹೊಸ ಸೆಲ್ ಹಾಕಿ. ಸೆಲ್ ಸತ್ತರೂ ಹೊರಗಿನಿಂದ 9 ವೋಲ್ಟ್ ಬ್ಯಾಟರಿ ತಾಗಿಸಿ ಅಥವಾ ಯುಎಸ್‌ಬಿ-ಸಿ ಕೇಬಲಿನಿಂದ ಪವರ್‌ಬ್ಯಾಂಕ್ ಕೊಟ್ಟು ತೆರೆಯುವ ವ್ಯವಸ್ಥೆ ಇರುವುದನ್ನೇ ಆರಿಸಿ. ಜೊತೆಗೆ ಮಾಮೂಲಿ ಬೀಗದ ಕೈಯೂ ಇರಲಿ. ಅದನ್ನು ಮನೆಯಲ್ಲಿಡಿ. ಪೆಟ್ಟಿಗೆಯೊಳಗೇ ಇಟ್ಟು ಬಾಗಿಲು ಹಾಕುವ ಮಹಾನುಭಾವರೂ ಇದ್ದಾರೆ.

ಸೋಲಾರ್ ಕ್ಯಾಮೆರಾ ಇಡಲಾ ಅಂತಲೂ ಕೇಳಿದ್ದೀರಿ. ತೋಟದ ನೆರಳಲ್ಲಿ, ಜುಲೈ ತಿಂಗಳ ಮೋಡದಲ್ಲಿ ಆ ಪುಟ್ಟ ಪ್ಯಾನೆಲ್ ಏನು ಚಾರ್ಜ್ ಮಾಡೀತು? ಬಿಡಿ. ಬಾಗಿಲು ತೆರೆದದ್ದು ಮನೆಗೆ ಗೊತ್ತಾಗಲೇಬೇಕು ಅಂತಿದ್ದರೆ ಲೋರಾ ರೇಡಿಯೋ ಇದೆ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ತನಕ ಲೈಸೆನ್ಸ್ ಇಲ್ಲದೆ ಬಳಸಬಹುದು. ವೈಫೈ ಸೋಲುವ ದೂರವನ್ನು ಅದು ತೋಟ ದಾಟಿ ಹೋಗುತ್ತದೆ, ಬ್ಯಾಟರಿಯೂ ಬಹಳ ಕಡಿಮೆ ತಿನ್ನುತ್ತದೆ. ಬಾಗಿಲಿಗೆ ಒಂದು ಅಯಸ್ಕಾಂತದ ಸ್ವಿಚ್, ಮನೆಯಲ್ಲಿ ಒಂದು ಬಜರ್. ಮನೆಯ ಹುಡುಗರಿಗೆ ಸೋಲ್ಡರಿಂಗ್ ಬರುತ್ತದೆ ಅಂದರೆ ಮಾಡಬಹುದು. ಇಲ್ಲದಿದ್ದರೆ ಡೆಲಿವರಿ ಆಯಿತು ಅಂತ ಮೆಸೇಜ್ ಹೇಗೂ ಬರುತ್ತದೆಯಲ್ಲ.

ಇನ್ನು ಯಾರೂ ಹೇಳದ ಮಾತು. ಕೆಲವನ್ನು ಯಾವ ಪೆಟ್ಟಿಗೆಗೂ ಹಾಕಲು ಬರುವುದಿಲ್ಲ. ಪಾಸ್‌ಪೋರ್ಟ್, ವಿಳಾಸದಾರರ ಕೈಗೇ ಕೊಡಬೇಕಾದ ಅಂಚೆ, ಕ್ಯಾಶ್ ಆನ್ ಡೆಲಿವರಿ, ಒಟಿಪಿ ಕೇಳುವ ದುಬಾರಿ ಸಾಮಾನು, ಇವಕ್ಕೆಲ್ಲ ನೀವೇ ದಣಪೆಗೆ ಹೋಗಬೇಕು. ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದ್ದಾರೆ, ಆದರೆ ಸಹಿ ಹಾಕಿಸಿಕೊಳ್ಳುವುದು ಹೋಗಿಲ್ಲ. ನಮ್ಮ ಕಡೆ ಒಂದು ಅಭ್ಯಾಸ ಇದೆ: ಫೋನಲ್ಲೇ ಒಟಿಪಿ ಹೇಳಿ, "ಅಲ್ಲೇ ಇಟ್ಟು ಹೋಗು ತಮ್ಮಾ" ಅನ್ನುವುದು. ಪೆಟ್ಟಿಗೆ ಬಂದ ಮೇಲೆ ಇದು ಇನ್ನೂ ಜಾಸ್ತಿಯಾಗುತ್ತದೆ. ಬೇಡ. ಒಟಿಪಿ ಕೊಟ್ಟರೆ ಸಾಮಾನು ಕೈಗೆ ಬಂತು ಅಂತ ಒಪ್ಪಿಕೊಂಡ ಲೆಕ್ಕ, ಆಮೇಲೆ ಡಬ್ಬದಲ್ಲಿ ಸೋಪಿದ್ದರೆ ಜಗಳ ಕಷ್ಟ. ಬೀಗದ ಕೋಡ್ ಬೇರೆ, ಡೆಲಿವರಿ ಒಟಿಪಿ ಬೇರೆ ಅಂತ ಮನೆಯ ಹಿರಿಯರಿಗೂ ಹೇಳಿಡಿ. ತಲುಪದ ಪಾರ್ಸೆಲ್ಲನ್ನು ತಲುಪಿದೆ ಅಂತ ತೋರಿಸಿದರೆ ಅದೇ ದಿನ ಆ್ಯಪಿನಲ್ಲಿ ದೂರು ಹಾಕಿ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ವಿಳಾಸದಲ್ಲಿ ಮನೆಯ ಲೊಕೇಶನ್ ಬದಲು ಪೆಟ್ಟಿಗೆಯ ಲೊಕೇಶನ್ ಕೊಡಿ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ಹತ್ತು ಅಕ್ಷರ-ಅಂಕಿಯ ಕೋಡು, ಸುಮಾರು 4 ಮೀಟರ್ ಉದ್ದ ಅಗಲದ ಜಾಗವನ್ನೇ ತೋರಿಸುತ್ತದೆ. ದಣಪೆ ಹತ್ತಿರ ನಿಂತು ಅದನ್ನು ನೋಡಿ ಬರೆದಿಟ್ಟುಕೊಳ್ಳಿ. ಪಿನ್‌ಕೋಡ್ ಬದಲಿಗೆ ಅಲ್ಲ, ಅದರ ಜೊತೆಗೆ. ಕೊರಿಯರಿನವರೆಲ್ಲ ಅದನ್ನೇ ನೋಡುತ್ತಾರೆ ಅಂತ ನಂಬಿ ಕೂರಬೇಡಿ. "ಇಂಥ ಬಸ್ ಸ್ಟಾಪಿನ ಎದುರಿನ ದಣಪೆ, ಹಳದಿ ಪೆಟ್ಟಿಗೆ" ಅಂತ ಮಾತಲ್ಲೂ ಬರೆಯಿರಿ.

ಹಳದಿ ಅಂದೆ, ಕಾರಣ ಇದೆ. ಕೆಂಪು ಬಳಿದರೆ ಅಂಚೆ ಡಬ್ಬಿ ಅಂತ ಜನ ಕಾಗದ ಹಾಕಿ ಹೋಗಬಹುದು. ಕಡು ಬಣ್ಣ ಬಳಿದರೆ ಏಪ್ರಿಲ್ ಬಿಸಿಲಿಗೆ ಒಳಗಿನ ಸಸಿ ಬೆಂದೇ ಹೋಗುತ್ತದೆ. ತಿಳಿ ಬಣ್ಣ, ನೆರಳಿನ ಜಾಗ, ಮತ್ತು ಸಸಿ ಬಂದ ದಿನವೇ ತೆಗೆಯುವುದು. ಇನ್ಸುಲಿನ್ ಥರ ತಂಪಲ್ಲಿಡಬೇಕಾದ ಔಷಧಿ ಈ ಪೆಟ್ಟಿಗೆಗೆ ಬೇಡವೇ ಬೇಡ. ಅಡಿಕೆಯ ಕೊಳೆ ರೋಗದ ಮದ್ದಿಗೆ ಅಂತ ಮೈಲುತುತ್ತ ತರಿಸಿದರೆ ಅದನ್ನೂ ಇದರಲ್ಲಿ ಇಡಿಸಬೇಡಿ. ಚೀಲ ಸ್ವಲ್ಪ ಒಡೆದು ಒದ್ದೆ ತಾಗಿದರೆ ಜಿಐ ತಗಡನ್ನು ಅದು ತಿಂದು ಹಾಕುತ್ತದೆ.

ಬಾಗಿಲ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ: "ಪಾರ್ಸೆಲ್ ಇಲ್ಲಿ ಇಡಿ. ಕೋಡಿಗೆ ಫೋನ್ ಮಾಡಿ. ಬಾಗಿಲು ಒತ್ತಿ ಮುಚ್ಚಿ." ಮೂರನೆಯ ಸಾಲು ಮುಖ್ಯ. ತಾನೇ ಬೀಗ ಬೀಳುವ ಬಾಗಿಲಾದರೂ ರಬ್ಬರ್ ಪಟ್ಟಿ ಹೊಸತಿರುವಾಗ ಸ್ವಲ್ಪ ಒತ್ತಬೇಕಾಗುತ್ತದೆ. ಮೊದಲ ಸಲ ಬಂದಾಗ ನೀವೇ ಹೋಗಿ ಒಮ್ಮೆ ತೋರಿಸಿ, ಒಂದು ಲೋಟ ಕೋಕಂ ಪಾನಕ ಕೊಡಿ. ಯಾವ ಆ್ಯಪಿಗಿಂತಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ದಣಪೆಯ ಫೋಟೋ ಒಂದು, ಕಂಬ ಕಟ್ಟುವ ಜಾಗದ ಅಳತೆ ಒಂದು ಇಲ್ಲೇ ಹಾಕಿ. ವೆಲ್ಡಿಂಗಿನವರಿಗೆ ತೋರಿಸಲು ಪೆಟ್ಟಿಗೆಯ ಚಿತ್ರ ಬರೆದು ಹಾಕುತ್ತೇನೆ. ಬಾಗಿಲು ಎಡಕ್ಕೆ ತೆರೆಯಬೇಕಾ, ಬಲಕ್ಕಾ ಅನ್ನುವುದನ್ನೂ ಹೇಳಿ. ರಸ್ತೆ ಕಡೆಯಿಂದ ಬರುವ ಹುಡುಗನ ಬೈಕ್ ಯಾವ ಬದಿಗೆ ನಿಲ್ಲುತ್ತದೆ ನೋಡಿಕೊಂಡು ಹೇಳಿ.