ಜೀನ್ ತಿದ್ದಿದರೂ ಹಂದಿಯ ಕಿಡ್ನಿಯನ್ನು ದೇಹ ಯಾಕೆ ಒಪ್ಪುವುದಿಲ್ಲ?

ಪ್ರಶ್ನೆ: ನನ್ನ ಅಣ್ಣನಿಗೆ ಡಯಾಲಿಸಿಸ್ ನಡೀತಿದೆ. ಜೀನ್ ತಿದ್ದಿದ ಹಂದಿಯ ಕಿಡ್ನಿಯನ್ನು ಮನುಷ್ಯರಿಗೆ ಜೋಡಿಸುತ್ತಾರಂತೆ. ಜೀನನ್ನೇ ತಿದ್ದಿದ ಮೇಲೂ ದೇಹ ತಿರಸ್ಕರಿಸುವುದು ಯಾಕೆ?

ಉತ್ತರ: ದೇಹದ ವಿರೋಧ ಒಂದೇ ಬಗೆಯದಲ್ಲ. ಜೀನ್ ತಿದ್ದಿ ಚೆನ್ನಾಗಿ ಗೆದ್ದಿರುವುದು ಮೊದಲ ತಡೆಯನ್ನು ಮಾತ್ರ.

ಹಂದಿಯ ರಕ್ತನಾಳಗಳ ಒಳಮೈಯಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಇರುತ್ತದೆ. ನಮ್ಮ ಜೀವಕೋಶಗಳಲ್ಲಿ ಅದಿಲ್ಲ. ಆದರೆ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಅಂಥದ್ದೇ ಸಕ್ಕರೆ ಇದೆ. ಹಾಗಾಗಿ ಚಿಕ್ಕಂದಿನಿಂದಲೇ ಅದರ ವಿರುದ್ಧ ಪ್ರತಿಕಾಯಗಳು (ಹೊರಗಿನದ್ದನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್‌ಗಳು) ರಕ್ತದಲ್ಲಿ ತಯಾರಾಗಿರುತ್ತವೆ. ತಿದ್ದದ ಹಂದಿಯ ಕಿಡ್ನಿಗೆ ನಮ್ಮ ರಕ್ತ ಹರಿಯಿತೆಂದರೆ ಅವು ನಾಳದ ಗೋಡೆಗೆ ಅಂಟಿಕೊಳ್ಳುತ್ತವೆ. ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳು ಆ ಗೋಡೆಯ ಕೋಶಗಳನ್ನು ತೂತು ಮಾಡುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ. ಗುಲಾಬಿ ಬಣ್ಣಕ್ಕೆ ತಿರುಗಿದ್ದ ಕಿಡ್ನಿ ನಿಮಿಷಗಳಲ್ಲೋ ಗಂಟೆಗಳಲ್ಲೋ ಕಪ್ಪಿಟ್ಟು ಸಾಯುತ್ತದೆ.

ಈ ಸಕ್ಕರೆ ತಯಾರಿಸುವ ಜೀನ್ ಇಲ್ಲದ ಹಂದಿಗಳು 2000ರ ದಶಕದ ಆರಂಭದಲ್ಲೇ ಹುಟ್ಟಿದವು. ಈಗ ಇನ್ನೆರಡು ಸಕ್ಕರೆಗಳನ್ನೂ ತೆಗೆಯುತ್ತಾರೆ. ಕಾಂಪ್ಲಿಮೆಂಟನ್ನು, ಹೆಪ್ಪುಗಟ್ಟುವುದನ್ನು ಹತೋಟಿಯಲ್ಲಿಡುವ ಮನುಷ್ಯರ ಜೀನ್‌ಗಳನ್ನು ಸೇರಿಸುತ್ತಾರೆ. ತಿದ್ದುಪಡಿಯ ಸಂಖ್ಯೆ ನೋಡಿ ಬೆರಗಾಗಬೇಡಿ. 2024ರ ಮಾರ್ಚ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೋಡಿಸಿದ ಕಿಡ್ನಿಯಲ್ಲಿ 69 ತಿದ್ದುಪಡಿಗಳಿದ್ದವು. ಅದರಲ್ಲಿ 59 ಇದ್ದದ್ದು ಹಂದಿಯ ಡಿಎನ್ಎಯಲ್ಲೇ ಅಡಗಿರುವ ವೈರಸ್‌ಗಳನ್ನು ನಿಷ್ಕ್ರಿಯ ಮಾಡಲಿಕ್ಕೆ. ತಿರಸ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ನಂತರದ ತಡೆ ಟಿ-ಕೋಶಗಳು, ಅಂದರೆ ಹೊರಗಿನದ್ದರ ಮೇಲೆ ದಾಳಿ ಮಾಡುವ ಒಂದು ಬಗೆಯ ಬಿಳಿ ರಕ್ತಕಣಗಳು. ಇವು ಹಂದಿಯ ಪ್ರೋಟೀನ್‌ಗಳನ್ನು ಗುರುತಿಸಿ ದಾಳಿ ಮಾಡುತ್ತವೆ. ಅಷ್ಟೊಂದು ಪ್ರೋಟೀನ್‌ಗಳನ್ನು ಜೀನ್ ತಿದ್ದಿ ಮರೆಮಾಡಲು ಆಗುವುದಿಲ್ಲ, ಅಲ್ವಾ? ಅದಕ್ಕೇ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಬೇಕು. ಮ್ಯಾಸಚೂಸೆಟ್ಸ್ ಆಸ್ಪತ್ರೆಯ ಆ ರೋಗಿಯಲ್ಲೂ 8ನೇ ದಿನ ಟಿ-ಕೋಶಗಳ ದಾಳಿ ಕಾಣಿಸಿತು, ಔಷಧಿ ಕೊಟ್ಟು ಹಿಮ್ಮೆಟ್ಟಿಸಿದರು. ಸುಮಾರು ಎರಡು ತಿಂಗಳಲ್ಲಿ ಅವರು ತೀರಿಕೊಂಡರು, ಆದರೆ ಕಾರಣ ಹೃದಯದ ತೊಂದರೆ. ಅದೇ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಮಹಿಳೆಗೆ ಹಾಕಿದ ಕಿಡ್ನಿ 130 ದಿನ ಕೆಲಸ ಮಾಡಿತು. ಬೇರೊಂದು ಸೋಂಕು ಬಂತೆಂದು ಔಷಧಿ ಕಡಿಮೆ ಮಾಡಿದಾಗ ದೇಹ ಅದನ್ನು ತಿರಸ್ಕರಿಸಿತು. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ. ಔಷಧಿ ಹೆಚ್ಚಾದರೆ ಸೋಂಕು, ಕಡಿಮೆಯಾದರೆ ತಿರಸ್ಕಾರ.

ಇದು ಇನ್ನೂ ಪ್ರಯೋಗದ ಹಂತದಲ್ಲಿದೆ. ಹಂದಿಯ ಕಿಡ್ನಿಗೆಂದು ಸುಮ್ನೆ ಕಾಯಬೇಡಿ. ಅಣ್ಣನ ಹೆಸರು ಕಸಿ ಪಟ್ಟಿಯಲ್ಲಿ ಇಲ್ಲದಿದ್ದರೆ, ಮುಂದಿನ ಡಯಾಲಿಸಿಸ್‌ಗೆ ಹೋದಾಗಲೇ ವೈದ್ಯರನ್ನು ಕೇಳಿ. ನಿಮ್ಮ ಕಿಡ್ನಿ ಹೊಂದುತ್ತದೆಯೇ ಎಂದೂ ಆಗಲೇ ವಿಚಾರಿಸಬಹುದು.