ಪಿಯುಸಿ ಆದಮೇಲೆ ಡಯಾಲಿಸಿಸ್ ಟೆಕ್ನಿಷಿಯನ್: ಡಿಪ್ಲೊಮಾನೋ, ಬಿಎಸ್ಸಿನೋ?

ವಿಜಯಪುರದಲ್ಲಿ ಪಿಯುಸಿ ಸೈನ್ಸ್ ಮುಗಿದಿದೆ, ಡಿಪ್ಲೊಮಾ ಸಾಕೋ ಬಿಎಸ್ಸಿ ಬೇಕೋ, ಕೆಲಸದಲ್ಲಿ ಕಷ್ಟ ಯಾವುದು ಅಂತ ಕೇಳಿದ್ದೀರಿ.

ರಾಜೀವ್ ಗಾಂಧಿ ವಿವಿಯ ಬಿಎಸ್ಸಿ 3 ವರ್ಷ, ಮೇಲೆ 1 ವರ್ಷ ಇಂಟರ್ನ್‌ಶಿಪ್. ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಅದಕ್ಕಿಂತ ಬೇಗ ಮುಗಿಯುತ್ತದೆ. ಮನೆಗೆ ದುಡಿಮೆ ಬೇಗ ಬೇಕಿದ್ದರೆ ಡಿಪ್ಲೊಮಾ, ಮುಂದೆ ಯೂನಿಟ್ ಇನ್‌ಚಾರ್ಜ್ ಆಗಬೇಕಿದ್ದರೆ ಬಿಎಸ್ಸಿ. ನಾನಾದರೆ ಕಾಲೇಜಿನ ಹೆಸರಿಗಿಂತ ಮೊದಲು ಕೇಳುವುದು: ಎಷ್ಟು ಮಷೀನ್, ದಿನಕ್ಕೆ ಎಷ್ಟು ಶಿಫ್ಟ್, ವಿದ್ಯಾರ್ಥಿಗಳನ್ನು ನೀರು ಶುದ್ಧ ಮಾಡುವ ಆರ್‌ಓ ರೂಮಿಗೆ ಬಿಡುತ್ತಾರೋ ಇಲ್ಲವೋ.

ಯಾಕಂದರೆ ಮಷೀನಿನ ಬಟನ್ ತಿಂಗಳಲ್ಲಿ ಕೈಗೆ ಹತ್ತುತ್ತವೆ, ನೀರು ಹತ್ತುವುದಿಲ್ಲ. ನಿಮಿಷಕ್ಕೆ 500 ಮಿಲಿ ಲೆಕ್ಕದಲ್ಲಿ 4 ತಾಸಿಗೆ ಒಬ್ಬ ರೋಗಿಗೆ 120 ಲೀಟರ್ ಡಯಾಲಿಸೇಟ್ (ರಕ್ತದ ಕಲ್ಮಶ ಎಳೆದುಕೊಳ್ಳುವ, ಬಹುಪಾಲು ನೀರೇ ಆದ ದ್ರಾವಣ) ಹರಿಯುತ್ತದೆ. ನಮ್ಮ ಕಡೆ ಬೋರಿನ ಸವಳು ನೀರು. ಅದರ ಗಡಸುತನ ತೆಗೆಯುವ ಸಾಫ್ಟನರ್‌ಗೆ ಹೊತ್ತಿಗೆ ಸರಿಯಾಗಿ ಉಪ್ಪುನೀರು ಕೊಟ್ಟು ರೀಜನರೇಟ್ ಮಾಡದಿದ್ದರೆ ಆರ್‌ಓ ಮೆಂಬ್ರೇನ್ ಸುಣ್ಣ ಕಟ್ಟುತ್ತದೆ. ಕ್ಯಾಲ್ಸಿಯಂ ದಾಟಿ ಬಂದರೆ ವಾಂತಿ, ತಲೆನೋವು, ಬಿಪಿ ಏರಿಕೆ. ನಲ್ಲಿ ನೀರು ಬೆರೆಸಿದ ದಿನ ಕ್ಲೋರಿನ್ ಚಿಂತೆ: ಅದನ್ನು ತಡೆಯುವುದು ಕಾರ್ಬನ್ ಟ್ಯಾಂಕ್. ಅದನ್ನು ದಾಟಿ ಬಂದ ನೀರಲ್ಲಿ ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಗ್ರಾಂ ದಾಟಬಾರದು, ಪ್ರತಿ ಶಿಫ್ಟಿಗೂ ಮುಂಚೆ ನೋಡಬೇಕು. ದಾಟಿದರೆ ರಕ್ತಕಣ ಒಡೆಯುತ್ತವೆ. ಒಬ್ಬರಿಗೆ ವಾಂತಿಯಾದರೆ ರೋಗಿಯನ್ನು ನೋಡಿ. ಸಾಲಿನಲ್ಲಿ ಮೂವರಿಗೆ ಒಟ್ಟಿಗೆ ಆದರೆ ಮೊದಲು ನೀರನ್ನು ಅನುಮಾನಿಸಿ.

ಎರಡನೆಯದು ತೂಕ. ಒಣತೂಕ (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ) 52 ಕೆಜಿ ಇರುವವರು ಬೇಸಿಗೆಯಲ್ಲಿ ನೀರು ಕುಡಿದು 54.8 ಆಗಿ ಬರುತ್ತಾರೆ. ತೆಗೆಯಬೇಕಾದ್ದು 2.8 ಲೀಟರ್, ಕೊನೆಗೆ ರಕ್ತ ಮರಳಿಸುವ ಸಲೈನ್ 0.3 ಸೇರಿ 3.1. ತಾಸಿಗೆ ಕೆಜಿಗೆ 13 ಮಿಲಿ ಮೀರಬಾರದು ಅಂತ ಹಿಡಿದರೆ 4 ತಾಸಿಗೆ ಸುಮಾರು 2.7 ಲೀಟರ್ ಅಷ್ಟೇ. ಹಟ ಹಿಡಿದು 3.1 ಎಳೆದರೆ ಮೂರನೇ ತಾಸಿಗೆ ಮೀನಖಂಡ ಸೆಟೆದು ಬಿಪಿ ಬೀಳುವ ಸಾಧ್ಯತೆ ಹೆಚ್ಚು. ಬಿತ್ತೆಂದರೆ ಯುಎಫ್ (ನೀರು ಎಳೆಯುವುದು) ನಿಲ್ಲಿಸಿ, ಕಾಲು ಎತ್ತರಿಸಿ, 100ರಿಂದ 200 ಮಿಲಿ ಸಲೈನ್ ಕೊಡುವುದು ವಾಡಿಕೆ. ಶುರುವಿಗೇ ಡಾಕ್ಟರರನ್ನು ಕೇಳಿ ಮುಕ್ಕಾಲು ತಾಸು ಹೆಚ್ಚಿಸುವುದು ಅದಕ್ಕಿಂತ ಮೇಲು.

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಧಮನಿ-ಅಭಿಧಮನಿ ಜೋಡಿಸಿದ ಜಾಗ) ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬಾರದು. ಇದನ್ನು ಎಲ್ಲರೂ ಓದಿರುತ್ತಾರೆ, ಗಡಿಬಿಡಿಯಲ್ಲಿ ಮರೆಯುತ್ತಾರೆ.

ಕೋರ್ಸ್ ಯಾವುದಾದರೂ ಸರಿ, ವಾರ್ಡಿಗೆ ಕಾಲಿಡುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ. 0, 1, 6ನೇ ತಿಂಗಳಿಗೆ ಒಂದೊಂದು, ಕೊನೆಯ ಡೋಸಾಗಿ ಒಂದೆರಡು ತಿಂಗಳಿಗೆ ಆಂಟಿಬಾಡಿ ಟೆಸ್ಟ್.