ಕಾಲೇಜು ಯಾರಿಗೆ ಉತ್ತರ ಹೇಳಬೇಕು?

ಪ್ರಶ್ನೆ: ನನ್ನ ಮಗಳು ಓದುತ್ತಿರುವ ಸರ್ಕಾರಿ ಪದವಿ ಕಾಲೇಜಿಗೆ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯಾದ ನ್ಯಾಕ್‌ನಿಂದ ‘ಎ’ ಶ್ರೇಣಿ ಬಂದಿದೆ. ಆದರೆ ಅವಳ ಬಿ.ಎಸ್ಸಿ. ವಿಭಾಗಕ್ಕೆ ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಮುಗಿದಿತ್ತು. ಕ್ಯಾಂಪಸ್ ಆಯ್ಕೆಯೂ ಇಲ್ಲ. ಕೇಳಿದರೆ, ಪದವಿ ಇರುವುದು ಜ್ಞಾನಕ್ಕೆ, ನೌಕರಿಗಲ್ಲ ಎನ್ನುತ್ತಾರೆ. ಇದು ಸರಿಯೇ?
– ಒಬ್ಬ ಪಾಲಕರು, ಶಿರಸಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ; ಅವುಗಳ ತೂಕ ಒಂದೇ ಅಲ್ಲ.

1994ರಲ್ಲಿ ಸ್ಥಾಪನೆಯಾದ ನ್ಯಾಕ್, ಪಠ್ಯಕ್ರಮ, ಬೋಧನೆ, ಸಂಶೋಧನೆ, ಮೂಲಸೌಕರ್ಯ, ಆಡಳಿತ ಮುಂತಾದ 7 ಮಾನದಂಡಗಳ ಮೇಲೆ ಇಡೀ ಸಂಸ್ಥೆಯನ್ನು ಅಳೆಯುತ್ತದೆಯೇ ಹೊರತು ಪ್ರತಿಯೊಂದು ವಿಭಾಗಕ್ಕೆ ಬೇರೆ ಬೇರೆ ಶ್ರೇಣಿ ಕೊಡುವುದಿಲ್ಲ. ಹೀಗಾಗಿ ಒಂದು ವಿಭಾಗದ ಪಾಠ ನಿಂತರೂ ಆ ಕೊರತೆ ಒಟ್ಟು ಅಂಕದಲ್ಲಿ ಕಾಣದೆ ಹೋಗಬಹುದು.

ನೌಕರಿಯ ಲೆಕ್ಕದಿಂದಲೇ ಕಾಲೇಜನ್ನು ತೂಗುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಅಳಿವೆಯ ಮೀನು, ಬಳಚು ಎಂಬ ಚಿಪ್ಪುಜೀವಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕುರಿತ ತಿಳಿವಳಿಕೆ ಮೀನುಗಾರರಿಗೂ ಜಿಲ್ಲಾಡಳಿತಕ್ಕೂ ಬೇಕಾದದ್ದು. ಆದರೆ ಅದರ ಬೆಲೆ ಯಾವ ಕಂಪನಿಯ ನೇಮಕಾತಿ ಪಟ್ಟಿಯಲ್ಲೂ ಸಿಗದು. ನಿಮ್ಮೂರಿನ ಅರಣ್ಯ ಮಹಾವಿದ್ಯಾಲಯದಂಥ ವೃತ್ತಿಪರ ಸಂಸ್ಥೆಯನ್ನು ಉದ್ಯೋಗದ ಬಗ್ಗೆ ಕೇಳುವುದು ನ್ಯಾಯವೇ. ಆದರೆ ಕಂಪನಿಗಳೆಲ್ಲ ಬೆಂಗಳೂರಿನಲ್ಲಿ ಕುಳಿತಿರುವಾಗ ಘಟ್ಟದ ಮೇಲಿನ ಸಾಮಾನ್ಯ ಪದವಿ ಕಾಲೇಜನ್ನು ಅದೇ ಪ್ರಶ್ನೆಯಿಂದ ಅಳೆದರೆ, ಇಂಥ ಊರುಗಳಲ್ಲಿ ಮೂಲವಿಜ್ಞಾನದ ತರಗತಿಗಳನ್ನೇ ಮುಚ್ಚಬೇಕಾದೀತು.

ಹಾಗೆಂದು ಕಾಲೇಜಿನವರು ಜ್ಞಾನದ ಮಾತನ್ನು ಗುರಾಣಿ ಮಾಡಿಕೊಳ್ಳುವಂತಿಲ್ಲ. ಪಾಠವೇ ನಡೆಯದಿದ್ದರೆ ಜ್ಞಾನವೆಲ್ಲಿಂದ ಬರಬೇಕು? ನೀವು ಹಿಡಿದು ಕೇಳಬೇಕಾದದ್ದು ಇದನ್ನು. ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕರ ಆಯ್ಕೆ ಕಾಲೇಜು ಶಿಕ್ಷಣ ಇಲಾಖೆಯ ಪ್ರಕ್ರಿಯೆಯಂತೆ ನಡೆಯುವುದರಿಂದ ವಿಳಂಬದ ಹೊಣೆ ಪ್ರಾಚಾರ್ಯರೊಬ್ಬರದೇ ಆಗಿರಲಾರದು. ಅವರ ಮೇಲೆ ಹರಿಹಾಯುವ ಮೊದಲು ಇದನ್ನು ಗಮನಿಸಿ. ಆದರೆ ತಪ್ಪಿದ ತರಗತಿಗಳನ್ನು ಹೇಗೆ ತುಂಬಿಕೊಟ್ಟಿರಿ ಎಂಬುದಕ್ಕೆ ಅವರೇ ಉತ್ತರಿಸಬೇಕು.

ಮೊದಲು ಕಾಲೇಜಿನ ಜಾಲತಾಣದಲ್ಲಿ ನ್ಯಾಕ್‌ಗೆ ಸಲ್ಲಿಸಿದ ಸ್ವಮೌಲ್ಯಮಾಪನ ವರದಿಯನ್ನೂ ವಾರ್ಷಿಕ ಗುಣಮಟ್ಟ ವರದಿಯನ್ನೂ ಹುಡುಕಿ, ಬೋಧಕರ ಸಂಖ್ಯೆ ನೋಡಿ. ಪಾಲಕರ ಸಭೆಯಲ್ಲಿ ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ ಮತ್ತು ವಿಭಾಗದಲ್ಲಿ ನಡೆದ ತರಗತಿಗಳ ದಾಖಲೆ ಕೋರಿ ಅರ್ಜಿ ಕೊಡಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಉತ್ತರಕ್ಕೆ 30 ದಿನಗಳ ಅವಧಿಯಿದೆ.